ಸಂಪಾದಕರ ಉತ್ತರ: ಪೀಸೊನ ಮನೆತನ

ಮಾನ್ಯರೇ,

ರೋಮ್ ಚಕ್ರವರ್ತಿ ಗಾಲ್ಬ ಕ್ರಿ.ಶ. 69ರಲ್ಲಿ ಉತ್ತರಾಧಿಕಾರಿಯಾಗಿ ದತ್ತು ತೆಗೆದುಕೊಂಡ ಪೀಸೊನನ್ನು ಕಳೆದ ಸಂಚಿಕೆಯಲ್ಲಿ ನಾವು ‘ಹೆಸರಿಲ್ಲದ ತರುಣ’ ಎಂದದ್ದನ್ನು ತಾವು ಆಕ್ಷೇಪಿಸಿ, ಅವನು ಯಾರ ಮಗನೆಂದು ಕೇಳಿದ್ದೀರಿ. ತಪ್ಪು ನಮ್ಮದೇ. ಅಧಿಕಾರ ಕಾಣದವನು ಎನ್ನಬೇಕಾದಲ್ಲಿ ಹೆಸರಿಲ್ಲದವನು ಎಂದುಬಿಟ್ಟೆವು, ಅವನಿಗಿದ್ದದ್ದು ಹೆಸರೊಂದೇ.

ತಂದೆ ಮಾರ್ಕಸ್ ಲಿಸಿನಿಯಸ್ ಕ್ರಾಸಸ್ ಫ್ರೂಗಿ ಕ್ರಿ.ಶ. 27ರಲ್ಲಿ ಕಾನ್ಸಲ್, ಅಂದರೆ ರೋಮಿನ ಉನ್ನತ ವಾರ್ಷಿಕ ಅಧಿಕಾರಿ, ಆಗಿದ್ದವನು. ತಾಯಿ ಸ್ಕ್ರಿಬೋನಿಯಾ ಪಾಂಪೆಯ ವಂಶದವಳು. ಜೂಲಿಯಸ್ ಸೀಸರನಿಗೆ ಸರಿಸಮನಾಗಿ ನಿಂತಿದ್ದ ಪಾಂಪೆ ಮತ್ತು ಕ್ರಾಸಸರ ಹೆಸರುಗಳು ಹೀಗೆ ಒಂದೇ ಮನೆಯಲ್ಲಿ ಕೂಡಿಕೊಂಡವು, ಅದೇ ಆ ಮನೆಗೆ ಮುಳುವಾಯಿತು. ಪೀಸೊನ ಅಣ್ಣ ಪಾಂಪೆಯ ‘ಮ್ಯಾಗ್ನಸ್’ ಎಂಬ ಬಿರುದನ್ನು ಹೆಸರಿನಲ್ಲಿ ಇಟ್ಟುಕೊಂಡದ್ದನ್ನು ಸಹಿಸದೆ ಚಕ್ರವರ್ತಿ ಕ್ಯಾಲಿಗುಲ ಅದನ್ನು ಕಿತ್ತುಕೊಂಡ. ಅವನ ನಂತರದ ಚಕ್ರವರ್ತಿ ಕ್ಲಾಡಿಯಸ್ ಬಿರುದನ್ನು ಮರಳಿಸಿ, ಮಗಳು ಆಂಟೋನಿಯಾಳನ್ನೂ ಕೊಟ್ಟು ಅಳಿಯನನ್ನಾಗಿ ಮಾಡಿಕೊಂಡು, ಕೆಲವೇ ವರ್ಷಗಳಲ್ಲಿ ಅವನನ್ನೂ ಅವನ ತಂದೆತಾಯಿಯರನ್ನೂ ಕೊಲ್ಲಿಸಿದ. ಆಗ ಪೀಸೊ ಇನ್ನೂ ಹುಡುಗ. ಕ್ರಿ.ಶ. 64ರ ಕಾನ್ಸಲ್ ಆಗಿದ್ದ ಇನ್ನೊಬ್ಬ ಸಹೋದರ ನೀರೋನ ಕಾಲದಲ್ಲಿ ಸತ್ತ; ಪೀಸೊ ಬಹುಕಾಲ ದೇಶಭ್ರಷ್ಟನಾಗಿದ್ದ.

ಮಕ್ಕಳಿಲ್ಲದ, ಎಪ್ಪತ್ತು ದಾಟಿದ ಗಾಲ್ಬ ಜನವರಿ 10ರಂದು ದತ್ತು ತೆಗೆದುಕೊಂಡದ್ದು ಇಂಥವನನ್ನು. ದತ್ತು ಎಂದರೆ ತೊಟ್ಟಿಲ ಕೂಸನ್ನು ನೆನೆಯುವ ನಮಗೆ ಮೂವತ್ತರ ಮಗ ವಿಚಿತ್ರವೆನಿಸಬಹುದು, ರೋಮಿನಲ್ಲಿ ಅದು ವಾಡಿಕೆ. ಪಾಂಪೆ, ಕ್ರಾಸಸರ ಸಂತತಿ ತನ್ನ ಮನೆಗೆ ಬರುವುದೇ ಹೆಮ್ಮೆ ಎಂಬ ಮಾತನ್ನು ಇತಿಹಾಸಕಾರ ಟ್ಯಾಸಿಟಸ್ ಗಾಲ್ಬನ ಬಾಯಲ್ಲಿ ಆಡಿಸುತ್ತಾನೆ. ಪೀಸೊಗಿಂತ ಹಿರಿಯನಾದ ಸಹೋದರನೊಬ್ಬ ಬದುಕಿದ್ದರೂ ಆಯ್ಕೆಯಾದವನು ಪೀಸೊ. ಅಣ್ಣನಿಗಿಂತ ಮೊದಲು ಕೊಲೆಯಾದದ್ದಷ್ಟೇ ಅವನಿಗೆ ಸಿಕ್ಕ ಹೆಚ್ಚುಗಾರಿಕೆ ಎಂದು ಅದೇ ಟ್ಯಾಸಿಟಸ್ ಕುಟುಕುತ್ತಾನೆ. ಕಾವಲುಪಡೆಯ ಸೈನಿಕರಿಗೆ ಬೇಕಿದ್ದದ್ದು ಇನಾಮು, ವಂಶಾವಳಿಯಲ್ಲ. ಜಿಪುಣ ಗಾಲ್ಬ ಕೈಬಿಚ್ಚಲಿಲ್ಲ, ಅವರು ಸಿಂಹಾಸನದ ಮೇಲೆ ಕಣ್ಣಿಟ್ಟಿದ್ದ ಒಥೊನ ಕಡೆ ವಾಲಿದರು. ಜನವರಿ 15ರಂದು ವೆಸ್ತಾ ದೇವಾಲಯದಲ್ಲಿ ಅಡಗಿದ್ದ ಪೀಸೊನನ್ನು ಹೊರಗೆಳೆದು ಬಾಗಿಲಲ್ಲೇ ಕೊಂದರು. ಹೆಂಡತಿ ವೆರಾನಿಯಾ ಮತ್ತು ಬದುಕಿದ್ದ ಆ ಅಣ್ಣ ಹಣ ಕೊಟ್ಟು ತಲೆಯನ್ನು ಬಿಡಿಸಿಕೊಂಡು ಸಂಸ್ಕಾರ ಮಾಡಿದರು.

ರೋಮಿನ ಸಲಾರಿಯಾ ರಸ್ತೆಯ ಬಳಿ 1880ರ ದಶಕದಲ್ಲಿ ಈ ಮನೆತನದ ಸಮಾಧಿ ದೊರೆಯಿತು. ಅಲ್ಲಿನ, ‘ಮ್ಯಾಗ್ನಸ್’ ಬಿರುದಿನ ಅಣ್ಣನ ಕಲ್ಲಿನಲ್ಲಿ, ಅವನನ್ನು ಕೊಲ್ಲಿಸಿದ ಕ್ಲಾಡಿಯಸ್ ‘ಅವನ ಮಾವ’ ಎಂದೇ ಕೆತ್ತಲ್ಪಟ್ಟಿದ್ದಾನೆ. ಪೀಸೊನ ಕಲ್ಲಿನಲ್ಲಿ ಅವನ ಪೂರ್ತಿ ಹೆಸರು, ಅವನು ಹೊಂದಿದ್ದ ಪುರೋಹಿತ ಪದವಿ ಮತ್ತು ಹೆಂಡತಿಯ ಹೆಸರಿವೆ. ದತ್ತಿನಿಂದ ಬಂದಿದ್ದ ‘ಸೀಸರ್’ ಎಂಬ ಹೆಸರಾಗಲಿ, ಗಾಲ್ಬನ ಹೆಸರಾಗಲಿ ಇಲ್ಲ.

– ಸಂಪಾದಕ