‘ಬರ್ಲಿಕ್ಕಿಲ್ಲ’ ಅಂದರೆ ಬರುವುದಿಲ್ಲವೋ, ಬರಬೇಕಾಗಿಲ್ಲವೋ?

ಕರಾವಳಿಯ ಮಾತಿನ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಬೆಂಗಳೂರಿನಿಂದ ವರ್ಗವಾಗಿ ಮಂಗಳೂರಿನ ಬ್ಯಾಂಕ್ ಶಾಖೆಗೆ ಬಂದಿದ್ದೇನೆ. ಸಹೋದ್ಯೋಗಿಗಳು ‘ಮ್ಯಾನೇಜರ್ ಇವತ್ತು ಬರ್ಲಿಕ್ಕಿಲ್ಲ’ ಅಂದರು, ಅರ್ಧ ಗಂಟೆಯಲ್ಲಿ ಮ್ಯಾನೇಜರ್ ಬಂದರು. ‘ನಾಳೆ ನಿಮಗೆ ಬರ್ಲಿಕ್ಕಿಲ್ಲ’ ಅಂದಾಗ ನನ್ನನ್ನು ಬೇಡ ಅನ್ನುತ್ತಿದ್ದಾರೆ ಅನ್ನಿಸಿತು. ಇದಕ್ಕೇನಾದರೂ ಲೆಕ್ಕ ಇದೆಯಾ? (ಕದ್ರಿ, ಮಂಗಳೂರು)

ಉತ್ತರ: ಖಂಡಿತ ಇದೆ. ‘-ಲಿಕ್ಕಿಲ್ಲ’ದ ಹಿಂದೆ ಯಾವ ಪದ ನಿಂತಿದೆ ನೋಡಿ, ಅರ್ಥ ಅಲ್ಲೇ ಸಿಗುತ್ತದೆ.

‘ಮ್ಯಾನೇಜರ್ ಬರ್ಲಿಕ್ಕಿಲ್ಲ’, ‘ಅವರು ಬರ್ಲಿಕ್ಕಿಲ್ಲ’: ಇಲ್ಲಿ ‘ಅವರು’ ಬರಿಯ ಕರ್ತೃ. ಹಾಗಿದ್ದರೆ ಅದು ಊಹೆ. ‘ಬಹುಶಃ ಬರಲಾರರು’ ಎಂದಷ್ಟೇ. ನಿಮ್ಮ ಮ್ಯಾನೇಜರ್ ಬಂದರೂ ಹೇಳಿದವರು ಸುಳ್ಳು ಹೇಳಿದ ಹಾಗಾಗಲಿಲ್ಲ. ಬರುವುದೇ ಇಲ್ಲ ಎಂಬುದು ಖಚಿತವಾಗಿದ್ದರೆ ಅವರು ‘ಬರುದಿಲ್ಲ’ ಅನ್ನುತ್ತಿದ್ದರು.

‘ನಿಮಗೆ ಬರ್ಲಿಕ್ಕಿಲ್ಲ’: ಇಲ್ಲಿ ‘-ಗೆ’ ಸೇರಿದೆ. ಆಗ ಅದು ಅಗತ್ಯದ ಮಾತು. ನೀವು ಬರಬೇಕಾಗಿಲ್ಲ, ನಾಳೆ ನಿಮ್ಮ ಪಾಳಿ ಇಲ್ಲ. ಇದರ ಎದುರು ರೂಪ ‘ನಿಮಗೆ ಬರ್ಲಿಕ್ಕುಂಟು’, ಅಂದರೆ ಬರಲೇಬೇಕು. ‘ನನಗೆ ಪೇಟೆಗೆ ಹೋಗ್ಲಿಕ್ಕುಂಟು’ ಎಂದು ಯಾರಾದರೂ ಎದ್ದರೆ ಅವರಿಗೆ ಕೆಲಸ ಇದೆ, ತಡೆಯಬೇಡಿ.

ಮೂರನೆಯದು ಕರ್ತೃವೇ ಇಲ್ಲದ್ದು. ‘ಇಲ್ಲಿ ಗಾಡಿ ನಿಲ್ಲಿಸ್ಲಿಕ್ಕಿಲ್ಲ’ ಎಂದರೆ ನಿಷೇಧ. ಯಾರು ನಿಲ್ಲಿಸಬಾರದು ಎಂದು ಹೇಳುವ ಗೋಜಿಲ್ಲ, ಎಲ್ಲರಿಗೂ ಅನ್ವಯ.

ಊಹೆಯ ಸಾಲಿಗೆ ಇನ್ನೆರಡು ಸೇರಿಸಿಕೊಳ್ಳಿ. ‘ಬಂದಿರ್ಲಿಕ್ಕಿಲ್ಲ’ ಅಂದರೆ ಬಹುಶಃ ಇನ್ನೂ ಬಂದಿಲ್ಲ. ‘ಬರ್ಲಿಕ್ಕೂ ಸಾಕು’ ಅಂದರೆ ಬಂದರೂ ಬರಬಹುದು. ಇಲ್ಲಿನ ‘ಸಾಕು’ವಿಗೂ ‘ಸಾಕಪ್ಪಾ ಸಾಕು’ವಿಗೂ ಸಂಬಂಧ ಹುಡುಕಬೇಡಿ.

ಶಾಖೆಯಲ್ಲಿ ದಿನವೂ ಕೇಳುವ ಇನ್ನೊಂದು ಮಾತು ‘ಆಗಬಹುದು’. ಬೆಂಗಳೂರಿನ ಕಿವಿಗೆ ಅದು ಅನುಮಾನ. ಇಲ್ಲಿ ಅದು ಸಾಮಾನ್ಯವಾಗಿ ಒಪ್ಪಿಗೆ, ತುಳುವಿನ ‘ಆವು’ ಇದ್ದ ಹಾಗೆ. ‘ನೋಡುವ’ ಮಾತ್ರ ತಿರುಗುಮುರುಗು. ‘ನೋಡೋಣ’ ಎಂಬುದರ ಜಾಗದಲ್ಲಿ ಬರುವ ಈ ‘-ಉವ’ (ಹೋಗುವ, ಮಾಡುವ, ನಾಳೆ ಸಿಗುವ) ಕೆಲಸಕ್ಕೆ ಹೊರಡುವ ಮಾತೂ ಹೌದು, ಕೆಲಸವನ್ನು ನಯವಾಗಿ ಮುಂದೂಡುವ ಮಾತೂ ಹೌದು. ದಿನ, ಗಂಟೆ ಜೊತೆಗಿಲ್ಲದ ‘ಮಾಡುವ’ವನ್ನು ನಂಬಿ ಕೂರಬೇಡಿ.

‘ಯಾವಾಗ ಬಂದದ್ದು?’ ‘ಎಲ್ಲಿಗೆ ಹೋಗುದು?’ ಎಂದು ಕೇಳಿದಾಗ ಮರ್ಯಾದೆ ಕೊಡಲಿಲ್ಲ ಎಂದುಕೊಳ್ಳುವವರೂ ಇದ್ದಾರೆ. ತುಳುವಿನಲ್ಲಿ ‘ಏಪ ಬತ್ತಿನಿ?’ ‘ಓಡೆ ಪೋಪುನಿ?’ ಎಂದು ಕೇಳುವ ಕ್ರಮವೇ ಕನ್ನಡದಲ್ಲಿ ಹೀಗೆ ಇಳಿದಿದೆ. ಇದರಲ್ಲಿ ಏಕವಚನವೂ ಇಲ್ಲ, ಬಹುವಚನವೂ ಇಲ್ಲ. ಎದುರಿನವರನ್ನು ‘ನೀನು’ ಅನ್ನಬೇಕೋ ‘ನೀವು’ ಅನ್ನಬೇಕೋ ತೋಚದಾಗ ಇದಕ್ಕಿಂತ ಅನುಕೂಲದ ರೂಪ ಕನ್ನಡದಲ್ಲಿ ಬೇರೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ನಮ್ಮದು ಮೈಸೂರಿನ ಹವ್ಯಾಸಿ ನಾಟಕ ತಂಡ. ನಾಟಕದಲ್ಲಿ ಒಂದು ಪಾತ್ರ ಕುಂದಾಪುರದ್ದು. ನಟ ‘ಎಂತ ಮಾರಾಯ್ರೆ, ಬರ್ತೇನೆ ಮಾರಾಯ್ರೆ’ ಎಂದು ಹೇಳುತ್ತಿದ್ದಾನೆ. ಕುಂದಾಪುರದ ಸ್ನೇಹಿತರೊಬ್ಬರು ತಾಲೀಮು ನೋಡಿ ನಕ್ಕುಬಿಟ್ಟರು. ಎಲ್ಲಿ ತಪ್ಪಿದೆ? (ಮೈಸೂರು)

ಉತ್ತರ: ನಿಮ್ಮ ನಟ ಮಂಗಳೂರಿನ ಕನ್ನಡ ಆಡುತ್ತಿದ್ದಾನೆ. ಅದೂ ಸಿನಿಮಾದವರು ನಗಿಸಲು ಇಟ್ಟುಕೊಂಡ ಮಂಗಳೂರಿನ ಕನ್ನಡ.

ಎರಡೂ ಊರಿನ ನಡುವೆ ಇರುವುದು ಸುಮಾರು 90 ಕಿಲೋಮೀಟರ್. ಆದರೆ ಮಾತು ಬೆಳೆದ ದಾರಿ ಬೇರೆ. ಮಂಗಳೂರು, ಉಡುಪಿಗಳಲ್ಲಿ ಬಹಳ ಜನರ ಮನೆಮಾತು ತುಳು, ಕೊಂಕಣಿ ಅಥವಾ ಬ್ಯಾರಿ. ಅವರಿಗೆ ಕನ್ನಡ ಬಂದದ್ದು ಶಾಲೆಯಿಂದ, ಪತ್ರಿಕೆಯಿಂದ, ಯಕ್ಷಗಾನ ಮತ್ತು ತಾಳಮದ್ದಳೆಯ ಅರ್ಥಗಾರಿಕೆಯಿಂದ. ಹಾಗಾಗಿ ಅದು ಬರಹಕ್ಕೆ ಹತ್ತಿರ, ಅಕ್ಷರಗಳು ಬಿಡಿಬಿಡಿ. ತುಳುವಿನ ಹರವು ಉತ್ತರಕ್ಕೆ ಕಲ್ಯಾಣಪುರ ಹೊಳೆಯವರೆಗೆ ಎಂದು ಹಿಂದಿನಿಂದ ಹೇಳುತ್ತಾರೆ. ಆ ಹೊಳೆ ದಾಟಿ ಬ್ರಹ್ಮಾವರ, ಕೋಟ, ಕುಂದಾಪುರ, ಬೈಂದೂರು ಕಡೆ ಹೋದಂತೆ ಕನ್ನಡವೇ ಮನೆಮಾತು. ಹಟ್ಟಿಯಲ್ಲೂ ಗದ್ದೆಯಲ್ಲೂ ಆಡಿದ ಕನ್ನಡ ಅದು. ಪುಸ್ತಕದ ಹಂಗಿಲ್ಲದೆ ಬೆಳೆದು, ಹಳಗನ್ನಡದ ಕೆಲವು ರೂಪಗಳನ್ನು ಹಾಗೇ ಉಳಿಸಿಕೊಂಡಿದೆ. ‘ಹೋಪ, ಬಪ್ಪ, ತಿಂಬ, ಕಾಂಬ’ ಎಂಬಲ್ಲಿನ ಪ-ಬಗಳು ಹಳಗನ್ನಡದ ‘ಪೋಪ, ಬರ್ಪ, ತಿಂಬ, ಕಾಣ್ಬ’ಗಳಿಂದ ಬಂದವು.

ಒಂದೇ ಸಂಭಾಷಣೆಯನ್ನು ಮೂರು ಬಗೆಯಲ್ಲಿ ಬರೆದುಕೊಂಡು ತಾಲೀಮು ಮಾಡಿಸಿ.

ಬೆಂಗಳೂರು: ‘ನಾಳೆ ಉಡುಪಿಗೆ ಹೋಗೋದಿದೆ. ತಿನ್ನೋಕೆ ಏನಾದ್ರೂ ಇದ್ಯಾ?’
ಮಂಗಳೂರು: ‘ನಾಳೆ ಉಡುಪಿಗೆ ಹೋಗ್ಲಿಕ್ಕುಂಟು. ತಿನ್ಲಿಕ್ಕೆ ಎಂತಾದ್ರೂ ಉಂಟಾ?’
ಕುಂದಾಪುರ: ‘ನಾಳೆ ಉಡ್ಪಿಗ್ ಹೋಪುಕಿತ್ತ್. ತಿಂಬುಕೆ ಎಂತಾರೂ ಇತ್ತಾ?’

ನಟನಿಗೆ ಮೊದಲು ಹೇಳಬೇಕಾದ್ದು ‘ಇತ್ತ್’ ವಿಷಯ. ಬೇರೆ ಕನ್ನಡದಲ್ಲಿ ‘ಇತ್ತು’ ಎಂದರೆ ಕಳೆದುಹೋದದ್ದು. ಕುಂದಾಪ್ರ ಕನ್ನಡದಲ್ಲಿ ‘ಇತ್ತ್’ ಎಂದರೆ ಈಗ ಇದೆ. ‘ನಂಗ್ ಗೊತ್ತಿತ್ತ್’ ಅಂದರೆ ನನಗೆ ಗೊತ್ತಿದೆ. ಹಿಂದೆ ಇದ್ದದ್ದಕ್ಕೆ ‘ಇದ್ದಿತ್’ ಎಂಬ ಬೇರೆ ರೂಪವಿದೆ. ಇದನ್ನು ತಿಳಿಯದ ನಟ ‘ಗೊತ್ತಿತ್ತ್’ ಎಂಬುದನ್ನು ಹಳೆಯದನ್ನು ನೆನೆಯುವ ದನಿಯಲ್ಲಿ ಹೇಳಿಬಿಡುತ್ತಾನೆ. ಪದ ಸರಿಯಾಗಿದ್ದೂ ಭಾವ ಕೆಡುತ್ತದೆ.

ಎರಡನೆಯದು ಪದದ ಕೊನೆ. ಕೊನೆಯ ಉಕಾರ ಬಾಯಿಂದ ಹೊರಗೆ ಬರಲೇಬಾರದು: ಕಾಲ್, ನೀರ್, ಒಂದ್. ಇಲ್ಲಿ ಮಂಗಳೂರಿನವರು ಮಾಡುವುದು ತದ್ವಿರುದ್ಧ; ‘ನೀರು’ ಎಂದು ಪೂರ್ತಿ ಹೇಳುತ್ತಾರೆ. ಮೂರನೆಯದು ‘ಬೇಕು’. ಅದು ಕ್ರಿಯಾಪದಕ್ಕೆ ಅಂಟಿಕೊಂಡು ಬರಿಯ ‘ಕ್’ ಆಗುತ್ತದೆ: ಹೋಯ್ಕ್, ಬರ್ಕ್, ಮಾಡ್ಕ್. ‘ಬರ್ತೇನೆ’ ಇಲ್ಲಿ ‘ಬತ್ತೆ’. ‘ಅವನು ಬರುತ್ತಾನೆ’ ಎಂಬುದು ‘ಅವ ಬತ್ತ’. ಕರೆಯುವಾಗ ‘ಹ್ವಾಯ್’, ಮಾತಿನ ನಡುವೆ ‘ಮರ್ರೆ’. ಈ ಕೊನೆಯ ಎರಡನ್ನು ಎಲ್ಲ ಮುಗಿದ ಮೇಲೆ ಸೇರಿಸಿ. ಮೊದಲೇ ಸೇರಿಸಿದರೆ ನಟ ಅದನ್ನೇ ಹಿಡಿದುಕೊಂಡು ಕ್ರಿಯಾಪದಗಳನ್ನು ಮರೆಯುತ್ತಾನೆ. ಇಡೀ ದೃಶ್ಯಕ್ಕೆ ಎರಡು ‘ಮರ್ರೆ’ ಧಾರಾಳವಾಯಿತು.

ತಾಲೀಮಿನಲ್ಲಿ ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ‘ಬತ್ತೆ’ ಎಂದ ಬಾಯಲ್ಲೇ ಮುಂದಿನ ಸಾಲಿಗೆ ‘ಬರುತ್ತೆ’, ‘ಹೋಗೋಣ’ ನುಸುಳುತ್ತದೆ. ಸಂಭಾಷಣೆಯ ಪ್ರತಿಯಲ್ಲಿ ‘-ಓಣ’, ‘-ಉತ್ತೆ’, ‘-ತೀನಿ’ ಕಂಡಲ್ಲೆಲ್ಲ ಕೆಂಪು ಗೆರೆ ಎಳೆದು ಬದಲಾಯಿಸಿ. ಇನ್ನೊಂದು, ಹವ್ಯಕರ ಮಾತು ಬೆರೆಯುವುದು. ‘ಹೋಪದು, ಬಪ್ಪದು’ ಹವ್ಯಕ ಕನ್ನಡದಲ್ಲೂ ಇವೆ, ಹಾಗಾಗಿ ಅಲ್ಲಿಂದ ‘ಆನು’ (ನಾನು), ‘ಎಂಗೊ’ (ನಾವು) ತಂದು ತುರುಕುವವರಿದ್ದಾರೆ. ಪುತ್ತೂರು, ಸುಳ್ಯ ಕಡೆಯ ಹವ್ಯಕರು ಹೆಂಗಸರ ಬಗ್ಗೆ ಹೇಳುವಾಗಲೂ ‘ಅದು ಬಂತು’ ಎಂದು ನಪುಂಸಕಲಿಂಗ ಬಳಸುತ್ತಾರೆ. ಅದು ಆ ಮಾತಿನ ಕ್ರಮ. ಕುಂದಾಪುರದ ಪಾತ್ರದ ಬಾಯಿಗೆ ಇವು ಯಾವುವೂ ಸಲ್ಲ.

ಮೈಸೂರಿನ ಪ್ರೇಕ್ಷಕರಿಗೆ ಅರ್ಥವಾಗಬೇಕಲ್ಲ ಎಂಬ ಚಿಂತೆ ಇದ್ದರೆ ಕ್ರಿಯಾಪದಗಳನ್ನು ಕುಂದಾಪುರದ್ದೇ ಇಟ್ಟು, ನಾಮಪದಗಳನ್ನು ತಿಳಿಯಾಗಿ ಬಿಡಿ. ‘ಗಂಟಿ’ ಅಂದರೆ ದನಕರು ಎಂದು ಮೈಸೂರಿನ ಸಭಿಕರಿಗೆ ಹೊಳೆಯುವುದಿಲ್ಲ. ಆದರೆ ‘ದನ ಎಲ್ಲ್ ಹೋಯ್ತ್?’ ಎಂದರೆ ಹೊಳೆಯುತ್ತದೆ. ಬ್ರಹ್ಮಾವರಕ್ಕೂ ಬೈಂದೂರಿಗೂ ನಡುವೆ ಮಾತು ಮತ್ತೂ ಬದಲಾಗುತ್ತದೆ. ನಕ್ಕ ಆ ಸ್ನೇಹಿತರನ್ನೇ ಇನ್ನೊಂದು ದಿನ ಕರೆದು ಪ್ರತಿ ಓದಿಸಿ, ಅವರ ದನಿಯನ್ನು ಫೋನಿನಲ್ಲಿ ಮುದ್ರಿಸಿಕೊಳ್ಳಿ. ಬರೆದ ‘ಇತ್ತ್’ ನೋಡಿ ಸ್ವರ ಕಲಿಯಲಾಗದು.

ಪ್ರಶ್ನೆ: ಮದುವೆಯಾಗಿ ಹಾಸನದಿಂದ ಉಡುಪಿಗೆ ಬಂದೆ. ಅಂಗಡಿಯಲ್ಲಿ ಕೇಳಿದ್ದೊಂದು, ಸಿಕ್ಕಿದ್ದೊಂದು. ಮೊದಲು ತಿಳಿಯಬೇಕಾದ ಪದಗಳು ಯಾವುವು? (ಉಡುಪಿ)

ಉತ್ತರ: ಸೌತೆಕಾಯಿಯಿಂದ ಶುರುಮಾಡಿ, ಎಲ್ಲರೂ ಅಲ್ಲೇ ಮೋಸಹೋಗುವುದು. ಇಲ್ಲಿ ಬರೀ ‘ಸೌತೆಕಾಯಿ’ ಅಂದರೆ ಸಾಂಬಾರಿಗೆ ಹಾಕುವ ದಪ್ಪನೆಯದು, ನಿಮ್ಮ ಕಡೆ ‘ಮಂಗಳೂರು ಸೌತೆ’ ಅನ್ನುವುದು. ಹಸಿಯಾಗಿ ತಿನ್ನುವುದು ಬೇಕಾದರೆ ‘ಮುಳ್ಳುಸೌತೆ’ ಎಂದು ಕೇಳಬೇಕು. ‘ಬೊಂಡ’ ಎಳನೀರು, ಎಣ್ಣೆಯಲ್ಲಿ ಕರಿದ ಬೋಂಡ ಅಲ್ಲ. ‘ಬಚ್ಚಂಗಾಯಿ’ ಕಲ್ಲಂಗಡಿ. ತುಳುವಿನವರು ‘ಮನೋಳಿ’ ಎಂದರೆ ತೊಂಡೆಕಾಯಿ. ಅಕ್ಕಿ ಕೊಳ್ಳುವಾಗ ‘ಕುಚ್ಚಲಕ್ಕಿ’ಯೋ ‘ಬೆಳ್ತಿಗೆ’ಯೋ ಎಂದು ಕೇಳುತ್ತಾರೆ, ಮೊದಲನೆಯದು ಭತ್ತವನ್ನು ಬೇಯಿಸಿ ಮಾಡಿದ್ದು, ಎರಡನೆಯದು ಬಿಳಿ ಅಕ್ಕಿ. ‘ಪದಾರ್ಥ ಎಂತ?’ ಎಂದು ನೆರೆಮನೆಯವರು ವಿಚಾರಿಸಿದರೆ ಅನ್ನಕ್ಕೆ ಏನು ಮಾಡಿದ್ದೀರಿ ಎಂದರ್ಥ.

ಅಡುಗೆಮನೆಯ ಆಚೆಗೆ ಒಂದೇ ಎಚ್ಚರಿಕೆ. ‘ಉದಾಸೀನ ಆಗ್ತದೆ’ ಎಂದು ಅತ್ತೆ ಹೇಳಿದರೆ ನಿಮ್ಮನ್ನು ಕಡೆಗಣಿಸಿದರು ಎಂದುಕೊಳ್ಳಬೇಡಿ. ಇಲ್ಲಿ ಅದು ಸೋಮಾರಿತನ, ಮೈ ಏಳದಿರುವುದು.

ಪ್ರಶ್ನೆ: ಐದನೇ ತರಗತಿಯ ಮಗಳು ಕನ್ನಡ ಪ್ರಬಂಧದಲ್ಲಿ ‘ಉಂಟು’, ‘ಹೋಗುದು’ ಎಂದೆಲ್ಲ ಬರೆಯುತ್ತಾಳೆ. ತಿದ್ದಬೇಕೇ? (ಮಣಿಪಾಲ)

ಉತ್ತರ: ‘ಉಂಟು’ವನ್ನು ಮುಟ್ಟಬೇಡಿ, ಅದು ಅಚ್ಚ ಬರಹದ ಕನ್ನಡವೇ. ಬಳಕೆ ಮಾತ್ರ ಹೇಳಿಕೊಡಿ: ವಸ್ತುವಿಗೆ, ವಿಷಯಕ್ಕೆ ‘ಉಂಟು’, ಜನರಿಗೆ ‘ಇದ್ದಾನೆ, ಇದ್ದಾರೆ’. ‘ಚಾ ಉಂಟಾ?’ ಸರಿ, ‘ಅಣ್ಣ ಉಂಟಾ?’ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಇದಕ್ಕೆ ಭೂತಕಾಲ ಇಲ್ಲ, ಅಲ್ಲಿ ‘ಇತ್ತು’ ಬರೆಯಬೇಕು.

‘ಹೋಗುದು, ಬರುದು’ ತಿದ್ದಿ: ನಡುವಿನ ‘ವು’ ಬಿಟ್ಟುಹೋಗಿದೆ. ಅದೇ ರೀತಿ ‘ಬರ್ತೇನೆ’ಗೆ ಒಂದು ಉಕಾರ ಕೊಟ್ಟು ತಕಾರ ಒತ್ತಿದರೆ ‘ಬರುತ್ತೇನೆ’. ‘ಬರ್ತೀನಿ’ ಎನ್ನುವ ಮಕ್ಕಳಿಗೆ ಇಲ್ಲದ ಅನುಕೂಲ ಇದು. ‘ನೋಡುವ’ ಎಂಬುದನ್ನು ‘ನೋಡೋಣ’ ಎಂದು ಬರೆಯಿಸಿ, ಇಲ್ಲದಿದ್ದರೆ ವಾಕ್ಯ ಮುಗಿಯದೆ ನಿಂತ ಹಾಗೆ ಕಾಣುತ್ತದೆ. ‘ನಾನು ನಿನ್ನೆ ಬಂದದ್ದು’ ಪ್ರಬಂಧದಲ್ಲಿ ‘ನಾನು ನಿನ್ನೆ ಬಂದೆ’ ಆಗಲಿ. ಬಂದದ್ದು ನಿನ್ನೆಯೇ, ಮೊನ್ನೆಯಲ್ಲ ಎಂದು ಒತ್ತಿ ಹೇಳುವಲ್ಲಿ ಮಾತ್ರ ಮೊದಲಿನದು ಇರಲಿ. ಮನೆಯಲ್ಲಿ ಆಡುವಾಗ ತಿದ್ದಲು ಹೋಗಬೇಡಿ.

ಪ್ರಶ್ನೆ: ಮಂಗಳೂರಿಗೆ ಓದಲು ಬಂದಿದ್ದೇನೆ. ಹೊರಗಿನವನು ‘ಮಾರಾಯ್ರೆ’ ಅಂದರೆ ಅಣಕಿಸಿದ ಹಾಗೆ ಆಗುತ್ತದೆಯೇ? ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಕೂಗುವುದೂ ತಿಳಿಯುವುದಿಲ್ಲ. (ಬಲ್ಮಠ)

ಉತ್ತರ: ಓರಗೆಯ ಹುಡುಗನಿಗೆ ‘ಮಾರಾಯ’, ಹುಡುಗಿಗೆ ‘ಮಾರಾಯ್ತಿ’, ಹಿರಿಯರಿಗೆ ಅಥವಾ ಪರಿಚಯ ಕಡಿಮೆ ಇದ್ದವರಿಗೆ ‘ಮಾರಾಯ್ರೆ’. ಸಲಿಗೆ ಬೆಳೆದ ಮೇಲೆ ತಾನಾಗಿ ಬಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಉಳಿದದ್ದೆಲ್ಲ ಬೆಂಗಳೂರಿನ ಕನ್ನಡ, ಕೊನೆಗೊಂದು ‘ಮಾರಾಯ್ರೆ’ ಎಂದಾದರೆ ಅಣಕ ಅನ್ನಿಸುವುದು ಸಹಜ. ಅದಕ್ಕಿಂತ ಮೊದಲು ‘ಉಂಟು’, ‘-ಲಿಕ್ಕೆ’ ರೂಢಿಮಾಡಿಕೊಳ್ಳಿ. ಪ್ರಾಧ್ಯಾಪಕರ ಬಳಿ, ಕಚೇರಿಗಳಲ್ಲಿ ‘ಮಾರಾಯ್ರೆ’ ಬೇಡ. ರಿಕ್ಷಾದವರನ್ನು ‘ಅಣ್ಣ’ ಎಂದರಾಯಿತು. ‘ಶೆಟ್ರೆ’, ‘ಭಟ್ರೆ’ ಎಂಬ ಕುಲನಾಮದ ಸಂಬೋಧನೆ ಇಲ್ಲಿ ಧಾರಾಳವಾಗಿ ಕೇಳಿಸುತ್ತದೆ, ಆದರೆ ಗುರುತಿಲ್ಲದವರ ಮೇಲೆ ಅಂದಾಜಿನಲ್ಲಿ ಪ್ರಯೋಗಿಸಬೇಡಿ.

ಬಸ್ಸಿನಲ್ಲಿ ಕೇಳುವುದು ತುಳು. ‘ದುಂಬು ಪೋಲೆ’ ಅಂದರೆ ಮುಂದೆ ಹೋಗಿ, ‘ಉಳಾಯಿ ಪೋಲೆ’ ಅಂದರೆ ಒಳಗೆ ಹೋಗಿ, ‘ಜಪ್ಪುಲೆ’ ಅಂದರೆ ಇಳಿಯಿರಿ. ಕೊನೆಯ ‘ಲೆ’ ಮರ್ಯಾದೆಯ ಬಹುವಚನ, ಗದರಿಕೆಯಲ್ಲ. ದನಿ ಜೋರಾಗಿರುವುದು ಇಂಜಿನ್ ಸದ್ದಿಗೆ. ನಿಮ್ಮ ನಿಲ್ದಾಣ ಬಂದಾಗ ‘ಜಪ್ಪೆರೆ ಉಂಡು’ ಅನ್ನಿ. ‘ಇಳೀಲಿಕ್ಕುಂಟು’ ಎಂದು ಕನ್ನಡದಲ್ಲಿ ಹೇಳಿದರೂ ನಡೆಯುತ್ತದೆ, ಆದರೆ ಬಾಗಿಲ ಹತ್ತಿರ ಹೋಗಿ ನಿಂತು ಹೇಳಿ, ಸೀಟಿನಲ್ಲಿ ಕೂತು ಹೇಳಿದರೆ ಬಸ್ಸು ಮುಂದಿನ ನಿಲ್ದಾಣಕ್ಕೆ ಹೋಗಿರುತ್ತದೆ.