ಅಮ್ಮ ಹಾಕುವ ಜಡೆ

ಈ ವಾರ ಬೇರೆ ಮೂರು ಪತ್ರಗಳಿಗೆ ಉತ್ತರ ಬರೆಯಬೇಕೆಂದುಕೊಂಡಿದ್ದೆ. ಅವನ್ನು ಬದಿಗಿಟ್ಟಿದ್ದೇನೆ. ಸೋಮವಾರದ ಟಪಾಲಿನಲ್ಲಿ ಬಂದ ಒಂದು ಪತ್ರ ಎರಡು ರಾತ್ರಿ ನನ್ನನ್ನು ಸರಿಯಾಗಿ ಮಲಗಲು ಬಿಟ್ಟಿಲ್ಲ.

ಬರೆದವಳಿಗೆ 22 ವರ್ಷ. ಟೆನಿಸ್ ಅವಳ ವೃತ್ತಿ. ಊರನ್ನೋ ರ‍್ಯಾಂಕಿಂಗನ್ನೋ ಇಲ್ಲಿ ಬರೆದರೆ ಗುರುತು ಸಿಕ್ಕಿಬಿಡುತ್ತದೆ, ಇದೇ ಆಟವನ್ನು ನಂಬಿ ಬದುಕುವ ಹೆಣ್ಣುಮಕ್ಕಳು ನಮ್ಮಲ್ಲಿ ಅಷ್ಟು ಕಡಿಮೆ. ಮಾರ್ಚ್‌ನಲ್ಲಿ ಸರ್ವ್ ಮಾಡುವಾಗ, ಎಂದರೆ ಚೆಂಡನ್ನು ತಲೆಯ ಮೇಲಿಂದ ಹೊಡೆದು ಆಟ ಶುರುಮಾಡುವಾಗ, ಬಲ ಹೆಗಲಿನಲ್ಲಿ ಚಳುಕು ಹಿಡಿಯಿತು. ಮಾತ್ರೆ ನುಂಗಿ ಆಡಿದಳು. ಜುಲೈಯಲ್ಲಿ ಎರಡನೇ ಸೆಟ್‌ನ ನಡುವೆ ಪಂದ್ಯ ಬಿಟ್ಟುಕೊಟ್ಟು ಹೊರಬಂದಳು. ಐದು ವಾರ ವಿಶ್ರಾಂತಿ ಪಡೆದು ಮರಳಿದವಳು ನಾಲ್ಕು ಟೂರ್ನಿಗಳಲ್ಲಿ ಮೊದಲ ಸುತ್ತಿನಲ್ಲೇ ಸೋತಳು. ಎಂಆರ್‌ಐ ಮಾಡಿಸಿದಾಗ ಹೆಗಲಿನ ಸ್ನಾಯುರಜ್ಜು, ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಭಾಗಶಃ ಹರಿದಿರುವುದು ಕಂಡಿತು. ನಾಲ್ಕು ತಿಂಗಳು ಸರ್ವ್ ಮಾಡಬೇಡ, ಫಿಸಿಯೋಥೆರಪಿ ಮಾಡಿಸಿಕೋ, ಆಮೇಲೆ ನೋಡೋಣ ಎಂದರು ವೈದ್ಯರು. ಅಪ್ಪ ಇನ್ನೊಬ್ಬ ವೈದ್ಯರನ್ನು ಹುಡುಕಿದರು. ಅವರು ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತೇನೆ, ಹತ್ತು ದಿನದಲ್ಲಿ ಆಡಬಹುದು ಎಂದಿದ್ದಾರೆ. ಮುಂದಿನ ತಿಂಗಳು ಸಾಲಾಗಿ ಮೂರು ಟೂರ್ನಿಗಳಿವೆ. ಕಳೆದ ವರ್ಷ ಇದೇ ವಾರಗಳಲ್ಲಿ ಗಳಿಸಿದ ರ‍್ಯಾಂಕಿಂಗ್ ಅಂಕಗಳು ಅವಳ ಲೆಕ್ಕದಿಂದ ಕಳಚಿಹೋಗಲಿವೆ. ಇಂಜೆಕ್ಷನ್ ತೆಗೆದುಕೊಂಡು ಆಡಲೇ, ಬಿಡಲೇ? ಇದು ಅವಳ ಪ್ರಶ್ನೆ.

ಪತ್ರ ನಾಲ್ಕು ಪುಟ. ಮೂರು ಪುಟ ಅಂಕಗಳ ಲೆಕ್ಕ, ಅಪ್ಪನ ಸಾಲ, ವಿಮಾನದ ಟಿಕೆಟ್. ಕೊನೆಯ ಪುಟದಲ್ಲಿ, ಹೋಗುವಾಗ ಬಾಗಿಲ ಬಳಿ ನಿಂತು ಹೇಳುವ ಮಾತಿನ ಹಾಗೆ, ಒಂದು ಸಾಲು: ‘ಮನೆಯಲ್ಲಿರುವುದರಿಂದ ಒಂದು ಸುಖ ಎಂದರೆ, ಮೂರು ತಿಂಗಳಿಂದ ಬೆಳಗ್ಗೆ ಅಮ್ಮನೇ ಜಡೆ ಹಾಕಿಕೊಡುತ್ತಾರೆ, ಚಿಕ್ಕವಳಿದ್ದಾಗಿನ ಹಾಗೆ.’

ಮಗಳೇ, ಆ ಸಾಲಿನ ಕೆಳಗೆ ನಾನು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ಒಬ್ಬಳೇ ಪರದೇಶಕ್ಕೆ ಹೋಗಿ ಬರುವ, ತನ್ನ ರ‍್ಯಾಕೆಟ್‌ಗೆ ತಾನೇ ಗ್ರಿಪ್ ಸುತ್ತಿಕೊಳ್ಳುವ 22 ವರ್ಷದ ಹುಡುಗಿಗೆ ಅಮ್ಮ ಏಕೆ ಜಡೆ ಹಾಕಬೇಕು? ಮುದ್ದಿಗೆ ಅಲ್ಲ. ನಿನ್ನ ಬಲಗೈ ತಲೆಯ ಹಿಂದಕ್ಕೆ ಹೋಗುತ್ತಿಲ್ಲ, ಅದಕ್ಕೆ. ಜಡೆ ಹೆಣೆಯಲು ಮೊಣಕೈ ಎತ್ತಬೇಕು, ಹೆಗಲನ್ನು ಹೊರಕ್ಕೆ ತಿರುಗಿಸಬೇಕು, ಒಂದೆರಡು ನಿಮಿಷ ಹಾಗೆಯೇ ಹಿಡಿದಿರಬೇಕು. ಸರ್ವ್ ಮಾಡುವಾಗ ರ‍್ಯಾಕೆಟ್ ಬೆನ್ನ ಹಿಂದಕ್ಕೆ ಇಳಿಯುತ್ತದಲ್ಲ, ಆಗಲೂ ಕೈ ಹೆಚ್ಚುಕಡಿಮೆ ಅದೇ ಜಾಗದಲ್ಲಿರುತ್ತದೆ. ಜಡೆಗೆ ಅವಸರವಿಲ್ಲ, ಭಾರವಿಲ್ಲ. ಸರ್ವ್‌ನಲ್ಲಿ ಕಾಲಿನಿಂದ ಎದ್ದ ಬಲವೆಲ್ಲ ಆ ಹೆಗಲಿನ ಮೂಲಕ ಚಿಮ್ಮಿಹೋಗಬೇಕು, ಅದೂ ಒಂದು ಪಂದ್ಯದಲ್ಲಿ ಹತ್ತಾರು ಸಲ. ಬಾಚಣಿಗೆಯನ್ನು ಎತ್ತಲಾರದ ಕೈಯಿಂದ ನೀನು ಮೂರು ವಾರ ಟೂರ್ನಿ ಆಡಲೇ ಎಂದು ಕೇಳುತ್ತಿದ್ದೀಯೆ.

ಈ ಅಂಕಣವನ್ನು ಓದುತ್ತ ಬಂದವರಿಗೆ ನನ್ನ ಈ ನಂಬಿಕೆ ಹೊಸದಲ್ಲ: ಮೈಯ ನಿಜವಾದ ಸುದ್ದಿ ಕೆಲಸದ ಜಾಗದಲ್ಲಿ ಸಿಗುವುದಿಲ್ಲ, ಬಚ್ಚಲುಮನೆಯಲ್ಲಿ, ಮೆಟ್ಟಿಲಿನಲ್ಲಿ, ಬಟ್ಟೆ ಹಾಕಿಕೊಳ್ಳುವಾಗ ಸಿಗುತ್ತದೆ. ಅಂಗಣದಲ್ಲಿ ಮೈ ಬಿಸಿಯಾಗಿರುತ್ತದೆ, ಟೇಪ್ ಸುತ್ತಿರುತ್ತದೆ, ಮಾತ್ರೆ ಕೆಲಸ ಮಾಡುತ್ತಿರುತ್ತದೆ, ಗೆಲ್ಲಬೇಕೆಂಬ ಹಟ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಬೆಳಗ್ಗೆ ಆರು ಗಂಟೆಗೆ ಕನ್ನಡಿಯ ಮುಂದೆ ಅದೊಂದೂ ಇರುವುದಿಲ್ಲ.

ನಿನ್ನ ಆಟದವರನ್ನೇ ನೋಡು. ಆ್ಯಂಡಿ ಮರ‍್ರೆ 2019ರ ಜನವರಿಯಲ್ಲಿ ಮೆಲ್ಬರ್ನ್‌ನ ಪತ್ರಿಕಾಗೋಷ್ಠಿಯಲ್ಲಿ ಕಣ್ಣೀರು ಹಾಕಿದಾಗ ಹೇಳಿದ್ದು ಬ್ಯಾಕ್‌ಹ್ಯಾಂಡ್ ಬಗ್ಗೆಯಷ್ಟೇ ಅಲ್ಲ. ಸೊಂಟದ ಕೀಲಿನ ನೋವಿನಿಂದ ಬೂಟು, ಕಾಲುಚೀಲ ಹಾಕಿಕೊಳ್ಳುವುದೇ ಕಷ್ಟವಾಗಿದೆ ಎಂದರು. ಅದೇ ತಿಂಗಳು ಲಂಡನ್‌ನಲ್ಲಿ ಕೀಲಿಗೆ ಲೋಹದ ಹೊದಿಕೆ ಹಾಕಿಸಿಕೊಂಡರು. ಮೊದಲು ನೋವಿಲ್ಲದೆ ಬದುಕಬೇಕು, ಆಟ ಆಮೇಲೆ ಎಂಬುದು ಅವರ ಲೆಕ್ಕವಾಗಿತ್ತು. ಆಟವೂ ಬಂತು. ಅಕ್ಟೋಬರ್‌ನಲ್ಲಿ ಆ್ಯಂಟ್‌ವರ್ಪ್‌ನಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದರು. ಸಾನಿಯಾ ಮಿರ್ಜಾ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮಣಿಕಟ್ಟಿನ ನೋವಿನಿಂದ ಪಂದ್ಯದ ನಡುವೆಯೇ ಹಿಂದೆ ಸರಿದರು. ಆ ದಿನಗಳಲ್ಲಿ ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ, ಮತ್ತೆ ಆಡುತ್ತೇನೆಂಬ ನಂಬಿಕೆಯೇ ಹೋಗಿತ್ತು ಎಂದು ಅವರೇ ಹೇಳಿಕೊಂಡಿದ್ದಾರೆ. ಶಸ್ತ್ರಚಿಕಿತ್ಸೆಯಾಯಿತು, ಕಾದರು. ಮರುವರ್ಷ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮಹೇಶ್ ಭೂಪತಿ ಜೊತೆ ಮಿಶ್ರ ಡಬಲ್ಸ್ ಗೆದ್ದರು. 2015ರಲ್ಲಿ ಡಬಲ್ಸ್‌ನಲ್ಲಿ ವಿಶ್ವದ ಒಂದನೇ ರ‍್ಯಾಂಕ್.

ಡೆಲ್ ಪೊಟ್ರೊ ಕಥೆಯನ್ನು ಹೇಳಲು ನನಗೆ ಮನಸ್ಸಿಲ್ಲ, ಆದರೂ ಹೇಳಬೇಕು. ಅರ್ಜೆಂಟೀನಾದ ಆ ಹುಡುಗ ಇಪ್ಪತ್ತನೇ ವಯಸ್ಸಿನಲ್ಲಿ ಫೆಡರರ್ ಅವರನ್ನು ಸೋಲಿಸಿ 2009ರ ಅಮೆರಿಕ ಓಪನ್ ಗೆದ್ದ. ಮಣಿಕಟ್ಟಿಗೆ ಒಂದರ ಮೇಲೊಂದು ಶಸ್ತ್ರಚಿಕಿತ್ಸೆಯಾಗಿ ರ‍್ಯಾಂಕಿಂಗ್ ಸಾವಿರದಾಚೆಗೆ ಬಿದ್ದರೂ ಎದ್ದು ಬಂದು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪಡೆದ. ಬಳಿಕ 2018ರ ಅಕ್ಟೋಬರ್‌ನಲ್ಲಿ ಶಾಂಘೈನಲ್ಲಿ ಮಂಡಿಚಿಪ್ಪು ಮುರಿಯಿತು. ಕೆಲವೇ ತಿಂಗಳಲ್ಲಿ ಮತ್ತೆ ಅಂಗಣಕ್ಕೆ ಇಳಿದ. 2019ರ ಜೂನ್‌ನಲ್ಲಿ ಲಂಡನ್‌ನಲ್ಲಿ ಜಾರಿ ಬಿದ್ದಾಗ ಅದೇ ಚಿಪ್ಪು ಮತ್ತೆ ಮುರಿಯಿತು. 2022ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅಳುತ್ತಲೇ ಕೊನೆಯ ಪಂದ್ಯ ಆಡಿದಾಗ ಅವನಿಗಿನ್ನೂ 33. ನೋವಿಲ್ಲದೆ ಮಲಗಬೇಕು, ನೋವಿಲ್ಲದೆ ಮೆಟ್ಟಿಲು ಹತ್ತಬೇಕು ಎಂಬುದೇ ಅವನ ಆಸೆಯಾಗಿ ಉಳಿಯಿತು. ಮೆಟ್ಟಿಲು, ಕಾಲುಚೀಲ, ಬಾಚಣಿಗೆ. ನಿನ್ನ ಜಡೆಯನ್ನು ಈ ಸಾಲಿನಲ್ಲಿಟ್ಟು ಓದು.

ನಿನ್ನ ಚಿಕ್ಕಪ್ಪ ವಾರಕ್ಕೊಮ್ಮೆ ನಡಾಲ್ ಅವರ ವಿಡಿಯೊ ಕಳಿಸುತ್ತಾರೆ, ‘ಇಂಜೆಕ್ಷನ್ ತೆಗೆದುಕೊಂಡೇ ಫ್ರೆಂಚ್ ಓಪನ್ ಗೆಲ್ಲಲಿಲ್ಲವೇ’ ಎನ್ನುತ್ತಾರೆ ಎಂದು ಬರೆದಿದ್ದೀಯೆ. ಹೌದು, ಗೆದ್ದರು. 2022ರಲ್ಲಿ, ಪಾದದ ನರಗಳನ್ನು ಮರಗಟ್ಟಿಸುವ ಇಂಜೆಕ್ಷನ್ ತೆಗೆದುಕೊಂಡು, ಹದಿನಾಲ್ಕನೇ ಸಲ. ಚಿಕ್ಕಪ್ಪ ಪೂರ್ತಿ ನೋಡಬೇಕಿತ್ತು. ನಡಾಲ್ ಅವರಿಗಾಗ 36 ತುಂಬಿತ್ತು, ಜೊತೆಗೆ ಅವರದೇ ವೈದ್ಯರಿದ್ದರು. ಅವರ ಪಾದದ ಮೂಳೆಯದು ಪೂರ್ತಿ ಗುಣವಾಗದ ಹಳೆಯ ಕಾಯಿಲೆ, ನೋವು ಮರೆಸುವುದು ಬಿಟ್ಟರೆ ಆ ಹದಿನೈದು ದಿನಗಳಿಗೆ ಬೇರೆ ದಾರಿ ಇರಲಿಲ್ಲ. ಗೆದ್ದ ದಿನವೇ, ಹೀಗೆ ಇಂಜೆಕ್ಷನ್ ಮೇಲೆ ಮುಂದುವರಿಯಲಾರೆ ಎಂದೂ ಹೇಳಿದರು. ನಿನ್ನದು ಗುಣವಾಗಬಹುದಾದ ಗಾಯ. ಸ್ಟೀರಾಯ್ಡ್ ಊತವನ್ನು, ನೋವನ್ನು ಇಳಿಸುತ್ತದೆ, ಹರಿದದ್ದನ್ನು ಹೊಲಿಯುವುದಿಲ್ಲ. ಪದೇ ಪದೇ ಚುಚ್ಚಿಸಿಕೊಂಡರೆ ಸ್ನಾಯುರಜ್ಜು ಇನ್ನಷ್ಟು ದುರ್ಬಲವಾಗಬಹುದು. ನೋವು ಇಳಿದ ಹೆಗಲು ‘ಸಾಕು’ ಎನ್ನುವುದನ್ನೇ ಮರೆಯುತ್ತದೆ, ಭಾಗಶಃ ಹರಿದದ್ದು ಪೂರ್ತಿ ಹರಿಯುವವರೆಗೆ ನಿನಗೆ ಗೊತ್ತೇ ಆಗುವುದಿಲ್ಲ.

ಹೆಗಲಿನದೇ ಉದಾಹರಣೆ ಬೇಕೆಂದರೆ ಮರಿಯಾ ಶರಪೋವಾ ಇದ್ದಾರೆ. 2008ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದವರು ನೋಯುವ ಹೆಗಲಿನಲ್ಲೇ ತಿಂಗಳುಗಟ್ಟಲೆ ಆಡಿದರು. ಹರಿದಿರುವುದು ಆಗಸ್ಟ್‌ನಲ್ಲಿ ಪತ್ತೆಯಾಯಿತು. ಒಲಿಂಪಿಕ್ಸ್ ಬಿಟ್ಟರು, ಅಮೆರಿಕ ಓಪನ್ ಬಿಟ್ಟರು, ಅಕ್ಟೋಬರ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಸಿಂಗಲ್ಸ್‌ಗೆ ಮರಳಿದ್ದು 2009ರ ಮೇ ತಿಂಗಳಲ್ಲಿ. ಒಂದನೇ ರ‍್ಯಾಂಕ್‌ನಲ್ಲಿದ್ದವರು ಆಗ 126ಕ್ಕೆ ಇಳಿದಿದ್ದರು, ಸರ್ವ್ ಅನ್ನು ಹೊಸದಾಗಿ ಕಲಿಯಬೇಕಾಯಿತು. 2012ರಲ್ಲಿ ಫ್ರೆಂಚ್ ಓಪನ್ ಗೆದ್ದು ಮತ್ತೆ ಒಂದನೇ ಸ್ಥಾನಕ್ಕೆ ಬಂದರು. ನಿನಗೆ ವೈದ್ಯರು ಕೇಳಿರುವುದು ನಾಲ್ಕು ತಿಂಗಳು, ಅದೂ ಕತ್ತರಿ ತಾಗಿಸದೆ.

ಅಂಕಗಳ ವಿಷಯ ಬೇಗ ಮುಗಿಸುತ್ತೇನೆ. ನಿನ್ನ ಮೂರು ಪುಟ ಅದಕ್ಕೇ ಹೋಗಿದೆ, ನನಗೆ ಅಷ್ಟು ಬೇಡ. 52 ವಾರಗಳಾದ ಮೇಲೆ ಅಂಕ ಕಳಚುತ್ತದೆ, ಆಡಿದರೂ ಕಳಚುತ್ತದೆ. ಮೊದಲ ಸುತ್ತಿನಲ್ಲಿ ಸೋಲುತ್ತಿರುವವಳಿಗೆ ಅದರ ಜಾಗಕ್ಕೆ ಏನು ಬಂದು ಕೂರುತ್ತದೆ? ಒಟ್ಟು ಬಹುಮಾನವೇ 15,000 ಡಾಲರ್ ಇರುವ ಟೂರ್ನಿಯಲ್ಲಿ ಮೊದಲ ಸುತ್ತಿಗೆ ಹೊರಬಿದ್ದವಳಿಗೆ ಸಿಗುವ ಹಣದಲ್ಲಿ ಟಿಕೆಟ್ ಖರ್ಚೂ ಹುಟ್ಟುವುದಿಲ್ಲ ಎಂದು ನೀನೇ ಲೆಕ್ಕ ಹಾಕಿದ್ದೀಯೆ. ಗಾಯದಿಂದ ಅರ್ಧ ವರ್ಷದಷ್ಟು ಹೊರಗುಳಿಯಬೇಕಾಗಿ ಬಂದವರು ಮರಳುವಾಗ ಹಳೆಯ ಸ್ಥಾನದ ಆಧಾರದ ಮೇಲೆ ಕೆಲವು ಟೂರ್ನಿಗಳಿಗೆ ಪ್ರವೇಶ ಕೇಳುವ ಅವಕಾಶ ನಿಯಮದಲ್ಲೇ ಇದೆ. ನಾಲ್ಕು ತಿಂಗಳು ಆರಾದರೆ ಅದು ನಿನಗೆ ಅನ್ವಯಿಸುತ್ತದೆಯೇ ಎಂದು ಈಗಲೇ ಬರೆದು ಕೇಳು. ಗಾಯ ಎಲ್ಲ ಆಟಗಾರರಿಗೂ ಆಗುತ್ತದೆ ಎಂದು ತಿಳಿದೇ ಆ ನಿಯಮ ಮಾಡಿದ್ದಾರೆ.

ಈಗ ನಿನ್ನ ಮನೆಯ ವಿಷಯ. ನಾನು ನಿನ್ನ ಅಪ್ಪನನ್ನು ಬೈಯುತ್ತೇನೆ ಎಂದು ನೀನು ನಿರೀಕ್ಷಿಸಿರಬಹುದು. ಬೈಯುವುದಿಲ್ಲ. ನೀನು ಎಂಟು ವರ್ಷದವಳಿದ್ದಾಗಿನಿಂದ ಬೆಳಗಿನ ಐದಕ್ಕೆ ಸ್ಕೂಟರ್‌ನಲ್ಲಿ ಅಂಗಣಕ್ಕೆ ಕರೆದೊಯ್ದ, ಟೆನಿಸ್ ಗೊತ್ತಿಲ್ಲದೆ ನೋಟ್‌ಬುಕ್‌ನಲ್ಲಿ ಲೆಕ್ಕ ಬರೆದುಕೊಂಡು ಕಲಿತ, ನಿವೇಶನ ಮಾರಿದ ಮನುಷ್ಯ ಅವರು. ಭಯ ಅವರನ್ನು ಇನ್ನೊಬ್ಬ ವೈದ್ಯರ ಬಳಿಗೆ ಓಡಿಸಿದೆ. ಸಾಲ ಮಾಡಿದವರು ಅವರು, ತೀರಿಸಬೇಕಾದದ್ದು ನಿನ್ನ ಹೆಗಲಲ್ಲ, ಇದನ್ನು ಅವರಿಗೆ ಹೇಳಲೇಬೇಕು. ಆದರೆ ಅವರು ಕಂಡದ್ದು ಸೋಲಿನ ಅಂಕಿಗಳನ್ನು ಮತ್ತು ಒಂದು ಎಂಆರ್‌ಐ ವರದಿಯನ್ನು. ಬೆಳಗ್ಗೆ ಆರಕ್ಕೆ ಅವರು ಕೆಲಸಕ್ಕೆ ಹೊರಟಿರುತ್ತಾರೆ, ನೀನು ಜಡೆಗೆ ಕೂರುವುದು ಆಮೇಲೆ.

ನನಗೆ ಸಿಟ್ಟು ಬಂದಿರುವುದು ನಿನ್ನ ಅಮ್ಮನ ಮೇಲೆ. ‘ಅಪ್ಪನಿಗೆ ಬೇಸರವಾಗುತ್ತದೆ ಎಂದು ಅಮ್ಮ ಏನೂ ಹೇಳುವುದಿಲ್ಲ’ ಎಂದು ನೀನು ಮೆಚ್ಚುಗೆಯಿಂದಲೇ ಬರೆದಿದ್ದೀಯೆ. ಮೂರು ತಿಂಗಳು ಎಂದರೆ ತೊಂಬತ್ತು ಬೆಳಗು. ತೊಂಬತ್ತು ಸಲ ಮಗಳ ಕೂದಲು ಹಿಡಿದವರಿಗೆ, ಅವಳ ಕೈ ಮೇಲೇಳುವುದಿಲ್ಲ ಎಂಬುದು ಯಾವ ಯಂತ್ರಕ್ಕೂ ಮೊದಲು ತಿಳಿದಿತ್ತು. ಹೊಸ ವೈದ್ಯರ ಮಾತು ಮನೆಯಲ್ಲಿ ಚರ್ಚೆಯಾದ ರಾತ್ರಿ, ‘ಇವಳಿಗೆ ಜಡೆ ಹಾಕಿಕೊಳ್ಳಲೂ ಆಗುತ್ತಿಲ್ಲರೀ’ ಎಂಬ ಒಂದು ಮಾತು ಸಾಕಿತ್ತು. ಆಡಲಿಲ್ಲ. ನಮ್ಮ ಹೆಂಗಸರು ಇದನ್ನು ತಾಳ್ಮೆ ಎಂದು ಕರೆದುಕೊಳ್ಳುತ್ತಾರೆ, ಸಂಸಾರ ಸರಿತೂಗಿಸುವುದು ಎನ್ನುತ್ತಾರೆ. ಮಗಳ ಹೆಗಲನ್ನು ಒತ್ತೆಯಿಟ್ಟು ಗಂಡನ ಮುಖ ಕಾಯುವುದು ತಾಳ್ಮೆಯಲ್ಲ. ನನ್ನ ಹೆಗಲು ಹಿಡಿದುಕೊಂಡ ವರ್ಷ ಸೆರಗು ಹಿಂದಕ್ಕೆ ಎಳೆದುಕೊಳ್ಳಲು ನಾನು ಮಗಳನ್ನು ಕೂಗುತ್ತಿದ್ದೆ. ಯಾರಿಗೂ ಹೇಳಬೇಡ ಎಂದಿದ್ದೆ. ಅವಳು ನಾಲ್ಕನೇ ದಿನ ತನ್ನ ತಂದೆಗೆ ಹೇಳಿ, ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡೇ ಹೋದಳು. ಅವಳಿಗಾಗ ಹದಿನಾರು ವರ್ಷ. ಅಮ್ಮನಿಗೆ ಈ ಪುಟವನ್ನು ಓದಲು ಕೊಡು, ನನ್ನ ಮೇಲೆ ಕೋಪ ಬಂದರೂ ಚಿಂತೆಯಿಲ್ಲ.

ನಿನಗೆ ನಾನು ಹತ್ತು ಸಲಹೆ ಕೊಡುವುದಿಲ್ಲ. ಅಪ್ಪನ ಜೊತೆ ಕುಳಿತು ಮಾತಾಡು ಎಂದರೆ ನೀನು ಅಂಕಗಳ ಬಗ್ಗೆ ಮಾತಾಡುತ್ತೀಯೆ, ಅವರು ನಡಾಲ್ ಬಗ್ಗೆ ಮಾತಾಡುತ್ತಾರೆ. ಆದ್ದರಿಂದ ಮಾತು ಬೇಡ. ಈ ಭಾನುವಾರ ಅಪ್ಪ ಮನೆಯಲ್ಲಿರುವಾಗ, ತಲೆಗೆ ಎಣ್ಣೆ ಹಚ್ಚಿಕೊಂಡು, ಬಾಚಣಿಗೆ ಮತ್ತು ರಬ್ಬರ್ ಬ್ಯಾಂಡ್ ತೆಗೆದುಕೊಂಡು ಹೋಗಿ ಅವರ ಮುಂದೆ ಬೆನ್ನು ಮಾಡಿ ಕುಳಿತುಕೋ. ‘ಅಪ್ಪಾ, ಜಡೆ ಹಾಕು’ ಎನ್ನು. ಯಾಕೆ, ನಿನ್ನ ಅಮ್ಮ ಎಲ್ಲಿ ಎನ್ನುತ್ತಾರೆ. ಬಲಗೈ ಎಷ್ಟು ಎತ್ತಲು ಆಗುತ್ತದೋ ಅಷ್ಟು ಎತ್ತಿ ತೋರಿಸು, ನೋವಾಗುವಲ್ಲಿ ನಿಲ್ಲಿಸು. ಅಳು ಬಂದರೆ ತಡೆಯಬೇಡ. ಅಮ್ಮ ಓಡಿ ಬಂದು ಬಾಚಣಿಗೆ ಕಸಿದುಕೊಳ್ಳಲು ನೋಡುತ್ತಾರೆ, ಕೊಡಬೇಡ.

ಮೂರು ಟೂರ್ನಿಗಳಿಂದ ಹೆಸರು ಹಿಂತೆಗೆದುಕೊಳ್ಳುವ ಇಮೇಲ್ ಅನ್ನು ಶನಿವಾರವೇ ಬರೆದಿಟ್ಟುಕೋ. ಜಡೆ ಮುಗಿದ ಮೇಲೆ ಮೊಬೈಲನ್ನು ಅಪ್ಪನಿಗೆ ಕೊಡು, ಅವರೇ ಕಳಿಸಲಿ. ಅವರು ಹಾಕಿದ ಜಡೆ ಸೊಟ್ಟಗಿರುತ್ತದೆ, ಒಂದು ಕಡೆ ಸಡಿಲವಾಗಿರುತ್ತದೆ. ಬಿಚ್ಚಿ ಮತ್ತೆ ಹಾಕಿಸಿಕೊಳ್ಳಬೇಡ. ರಾತ್ರಿಯವರೆಗೆ ಹಾಗೆಯೇ ಇರಲಿ.