ಮಂಡಿಯಲ್ಲಿ 'ಟಕ್' ಅಂದಿತ್ತು, ಈಗ ಊತ ಇಳಿದಿದೆ: ತಮ್ಮ ಕಬಡ್ಡಿ ಆಡಬಹುದಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ತಮ್ಮನಿಗೆ 19 ವರ್ಷ, ರೈಡರ್. ಮೂರು ವಾರದ ಹಿಂದೆ ಮ್ಯಾಚಿನಲ್ಲಿ ಎದುರಾಳಿ ಪಾದ ಹಿಡಿದಾಗ ಮಂಡಿ ತಿರುಚಿ 'ಟಕ್' ಅಂದಿತು, ರಾತ್ರಿಯೊಳಗೆ ಊದಿಕೊಂಡಿತು. ಎಕ್ಸ್-ರೇ ನಾರ್ಮಲ್. ಈಗ ಊತ ಇಳಿದಿದೆ, ಸಲೀಸಾಗಿ ನಡೆಯುತ್ತಾನೆ. ಮೆಟ್ಟಿಲು ಇಳಿಯುವಾಗ ಮಾತ್ರ ಒಮ್ಮೊಮ್ಮೆ ಮಂಡಿ ಜಾರಿದ ಹಾಗೆ ಆಗುತ್ತದೆ. ಮುಂದಿನ ತಿಂಗಳ ಟೂರ್ನಮೆಂಟಿಗೆ ಇಳಿಸಬಹುದಾ ಅಂತ ಕೇಳಿದ್ದೀರಿ.

ಬೇಡ. ದಯವಿಟ್ಟು ಇಳಿಸಬೇಡಿ. ನಾನು ಡಾಕ್ಟರ್ ಅಲ್ಲ. 11 ವರ್ಷ ಊರೂರಿನ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಆಡಿದವನು, ಈಗ ನಮ್ಮೂರ ಹುಡುಗರಿಗೆ ಕಬಡ್ಡಿ ಹೇಳಿಕೊಡುತ್ತೇನೆ. ನೀವು ಬರೆದ ಒಂದೊಂದು ಸಾಲೂ ನನ್ನ ಎಡ ಮಂಡಿಯ ಕಥೆಯೇ.

ಮಂಡಿಯೊಳಗೆ ಎಸಿಎಲ್ ಅಂತ ಒಂದು ಲಿಗಮೆಂಟ್ ಇದೆ. ಸುಮಾರು 3 ಸೆಂಟಿಮೀಟರ್ ಉದ್ದದ ಗಟ್ಟಿ ಹಗ್ಗ ಅಂದುಕೊಳ್ಳಿ. ತೊಡೆಮೂಳೆಯನ್ನು ಕೆಳಗಿನ ಕಾಲುಮೂಳೆಗೆ ಬಿಗಿದು, ಆ ಕೆಳಗಿನ ಮೂಳೆ ಮುಂದಕ್ಕೆ ಜಾರದ ಹಾಗೆ, ಮಂಡಿ ಜಾಸ್ತಿ ತಿರುಚದ ಹಾಗೆ ಹಿಡಿದಿಡುವುದು ಇದೇ. ನೇರ ನಡೆಯುವಾಗ ಇದಕ್ಕೆ ದೊಡ್ಡ ಕೆಲಸ ಇಲ್ಲ. ಓಡುತ್ತಾ ಗಕ್ಕನೆ ನಿಂತಾಗ, ತಿರುಗಿದಾಗ, ಜಿಗಿದು ಒಂದೇ ಕಾಲಲ್ಲಿ ಇಳಿದಾಗ ಭಾರವೆಲ್ಲ ಅದರ ಮೇಲೆ. ರೈಡರ್ ಮಾಡುವುದು ಇದನ್ನೇ ಅಲ್ವಾ? ಟಚ್ ಮಾಡಿದವನೇ ಮಧ್ಯದ ಗೆರೆ ಕಡೆ ಹೊರಳುತ್ತಾನೆ. ಅಷ್ಟರಲ್ಲಿ ಕಾರ್ನರ್‌ನವನು ಆಂಕಲ್ ಹಿಡಿದಿರುತ್ತಾನೆ. ಪಾದ ಮ್ಯಾಟಿಗೆ ಅಂಟಿಕೊಂಡಿದೆ, ಮೈ ಆಗಲೇ ತಿರುಗಿದೆ. ನಡುವೆ ಸಿಕ್ಕಿಕೊಳ್ಳುವುದು ಮಂಡಿ. ಯಾರೂ ಮುಟ್ಟದೆಯೂ ಹೀಗೆ ಎಸಿಎಲ್ ಹರಿದುಹೋಗುತ್ತದೆ, ಅಂಥವೇ ಜಾಸ್ತಿ.

ಎಕ್ಸ್-ರೇ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಅದು ತೋರಿಸುವುದು ಮೂಳೆಯನ್ನು. ಮೂಳೆ ಮುರಿದಿಲ್ಲ ಅಂತ ಅದು ಹೇಳಿತು, ಅಷ್ಟೇ. ಲಿಗಮೆಂಟ್ ಅದರಲ್ಲಿ ಕಾಣುವುದೇ ಇಲ್ಲ. ಅದನ್ನು ನೋಡಲು ಎಂಆರ್‌ಐ ಬೇಕು.

ಊತ ಯಾವಾಗ ಬಂತು ಅನ್ನುವುದೂ ಮುಖ್ಯ. ಪೆಟ್ಟು ಬಿದ್ದ ಕೆಲವೇ ಗಂಟೆಗಳಲ್ಲಿ ಮಂಡಿ ಬಲೂನಿನ ಹಾಗೆ ಊದಿದರೆ ಒಳಗೆ ರಕ್ತ ತುಂಬಿದೆ ಅಂತ ಅರ್ಥ. ಮಂಡಿಚಿಪ್ಪು ಜಾರಿ ಮತ್ತೆ ಕೂತಿದ್ದರೂ ಹಾಗೆ ಆಗಬಹುದು. ಆದರೆ 'ಟಕ್' ಶಬ್ದ, ಅದೇ ರಾತ್ರಿಯ ಊತ, ಆಮೇಲೆ ಮಂಡಿ ಜಾರುವುದು, ಮೂರೂ ಒಟ್ಟಿಗೆ ಬಂದರೆ ಮೊದಲು ಅನುಮಾನ ಪಡಬೇಕಾದದ್ದು ಎಸಿಎಲ್ ಮೇಲೆ.

ನನಗಾಗ 23 ವರ್ಷ. 'ಉಳುಕಿದೆ, ಉಳುಕು ತೆಗೆಸಿದರೆ ಸರಿಹೋಗುತ್ತೆ' ಅಂದರು ಎಲ್ಲರೂ. ಊದಿದ ಮಂಡಿಗೆ ಬಿಸಿ ಎಣ್ಣೆ ಹಾಕಿ ತಿಕ್ಕಿದರು, ಎಳೆದರು, ಪಟ್ಟು ಕಟ್ಟಿದರು. ನೋವಿಗೆ ಕಣ್ಣು ಕತ್ತಲೆ ಬಂದಿತ್ತು. 20 ದಿನಕ್ಕೆ ಊತ ಇಳಿಯಿತು. ನಡೆದೆ, ಸೈಕಲ್ ಹೊಡೆದೆ, ಮತ್ತೆ ಮ್ಯಾಟಿಗೆ ಇಳಿದೆ. ಎರಡನೇ ರೈಡಿನಲ್ಲೇ ಮಂಡಿ ಜಾರಿ ಕೂತುಬಿಟ್ಟೆ. ಅಷ್ಟಾದರೂ ಬಿಡಲಿಲ್ಲ, ಮಂಡಿಗೆ ನೀ ಕ್ಯಾಪ್ ಹಾಕಿಕೊಂಡು ಇನ್ನೂ ನಾಲ್ಕು ತಿಂಗಳು ಆಡಿದೆ. ಒಂದು ಬೆಳಗ್ಗೆ ಗದ್ದೆ ಬದುವಿನ ಮೇಲಿಂದ ಇಳಿಯುವಾಗ ಮಂಡಿ ಹಾಗೇ ಲಾಕ್ ಆಯಿತು. ಮಡಚಲೂ ಆಗದು, ನೀಡಲೂ ಆಗದು. ಅಣ್ಣ ಹೊತ್ತುಕೊಂಡು ಬಂದ.

ಆಸ್ಪತ್ರೆಯಲ್ಲಿ ಡಾಕ್ಟರ್ ಮಂಡಿಯನ್ನು ಸ್ವಲ್ಪವೇ ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಕೆಳಗಿನ ಕಾಲನ್ನು ಮುಂದಕ್ಕೆ ಎಳೆದರು. ಬಲಗಾಲು ಒಂಚೂರು ಅಲ್ಲಾಡಿ ಗಟ್ಟಿಯಾಗಿ ನಿಂತಿತು. ಎಡಗಾಲು ಮೇಜಿನ ಡ್ರಾಯರ್ ಹಾಗೆ ಸುಮ್ನೆ ಮುಂದಕ್ಕೆ ಬಂತು. ನಾನೇ ತಲೆಯೆತ್ತಿ ನೋಡಿದೆ. ಎಸಿಎಲ್ ಹರಿದು ಐದು ತಿಂಗಳಾಗಿತ್ತು.

ಅಲ್ಲಿಗೇ ಮುಗಿಯಲಿಲ್ಲ. ಎರಡು ಮೂಳೆಗಳ ನಡುವೆ ವಾಷರ್ ಹಾಗೆ ಮೆನಿಸ್ಕಸ್ ಅಂತ ಎರಡು ಮೆತ್ತೆಗಳಿರುತ್ತವೆ. ಎಸಿಎಲ್ ಇಲ್ಲದ ಮಂಡಿ ಜಾರಿದಾಗೆಲ್ಲ ಈ ಮೆತ್ತೆ ಮೂಳೆಗಳ ನಡುವೆ ಸಿಕ್ಕಿ ಅರೆಯುತ್ತದೆ. ನನ್ನದು ಹರಿದು, ಮಡಚಿಕೊಂಡು ನಡುವೆ ಸಿಕ್ಕಿಹಾಕಿಕೊಂಡಿತ್ತು. ಹೊಲಿಯುವ ಸ್ಥಿತಿ ದಾಟಿತ್ತು, ಒಂದಷ್ಟು ಭಾಗ ಕತ್ತರಿಸಿ ತೆಗೆದರು. ಅದು ಮತ್ತೆ ಬೆಳೆಯುವುದಿಲ್ಲ. ಈಗ ನನಗೆ 38, ನೆಲದ ಮೇಲೆ ಊಟಕ್ಕೆ ಕೂತರೆ ಏಳುವಾಗ ಗೋಡೆ ಹಿಡಿಯುತ್ತೇನೆ. ನಿಮ್ಮ ತಮ್ಮನ ಮಂಡಿ ಮೆಟ್ಟಿಲ ಮೇಲೆ ಜಾರುತ್ತಿದೆ ಅಂತ ಓದಿದಾಗ ನನ್ನ ಎದೆ ಧಸಕ್ಕೆಂದಿದ್ದು ಇದಕ್ಕೇ.

ಎಸಿಎಲ್ ಪೂರ್ತಿ ಹರಿದರೆ ಸಾಮಾನ್ಯವಾಗಿ ತಾನಾಗೇ ಕೂಡಿಕೊಳ್ಳುವುದಿಲ್ಲ. ಹಾಗಂತ ಎಲ್ಲರಿಗೂ ಆಪರೇಷನ್ ಬೇಕು ಅಂತಲೂ ಅಲ್ಲ. ತಿರುಗುವ, ಜಿಗಿಯುವ ಆಟ ಬಿಟ್ಟು, ತೊಡೆಯ ಸ್ನಾಯು ಗಟ್ಟಿ ಮಾಡಿಕೊಂಡು ಚೆನ್ನಾಗಿರುವವರು ಇದ್ದಾರೆ. 19ರ ಹುಡುಗ ಮತ್ತೆ ಕಬಡ್ಡಿ ಆಡಬೇಕು ಅಂದರೆ ಮಾತ್ರ ಡಾಕ್ಟರ್ ಬಹುಶಃ ಆಪರೇಷನ್ ಬಗ್ಗೆ ಮಾತಾಡುತ್ತಾರೆ. ಅವನದೇ ತೊಡೆಯ ಹಿಂಭಾಗದ ಅಥವಾ ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ಕೂರಿಸುತ್ತಾರೆ.

ಆಟ ಮುಗಿಯಿತು ಅಂತ ಅವನು ಹೆದರಿದ್ದರೆ ಕುಸ್ತಿಪಟು ವಿನೇಶ್ ಫೋಗಟ್ ಬಗ್ಗೆ ಹೇಳಿ. 2016ರ ರಿಯೋ ಒಲಿಂಪಿಕ್ಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಮಂಡಿ ತಿರುಚಿ ಸ್ಟ್ರೆಚರ್ ಮೇಲೆ ಹೋದವರು, ಆಪರೇಷನ್ ಆಗಿ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. ನಡುವೆ ಎರಡು ವರ್ಷ ಇದೆ, ಅದನ್ನೂ ಹೇಳಿ. ಆಪರೇಷನ್ ಆದರೂ 9 ತಿಂಗಳಿಗಿಂತ ಮೊದಲು ಮ್ಯಾಟಿಗೆ ಇಳಿಸಬಾರದು. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 9 ತಿಂಗಳವರೆಗೆ ಕಾದ ಒಂದೊಂದು ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಸಾಧ್ಯತೆ ಹತ್ತಿರ ಹತ್ತಿರ ಅರ್ಧ ಇಳಿದಿತ್ತು. ದಿನ ಎಣಿಸಿದರೆ ಸಾಲದು, ಕಾಲಿಗೆ ಶಕ್ತಿ ಬಂದಿರಬೇಕು. ಒಂಟಿ ಕಾಲಲ್ಲಿ ಜಿಗಿಸಿ ಅಳೆಯುತ್ತಾರೆ, ಒಳ್ಳೆ ಕಾಲಿನ ಜಿಗಿತದ ನೂರಕ್ಕೆ 90 ಭಾಗವಾದರೂ ಬರಬೇಕು.

ಡಾಕ್ಟರನ್ನು ಕಾಣುವವರೆಗೆ ಎಣ್ಣೆ ತಿಕ್ಕಿಸಬೇಡಿ, ಯಾರಿಂದಲೂ ಎಳೆಸಬೇಡಿ. ಮೆಟ್ಟಿಲಲ್ಲಿ ಕಂಬಿ ಹಿಡಿದು ಇಳಿಯಲಿ. ಕಾಲು ನೀಡಿ ಕೂತು, ಹಿಮ್ಮಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ತೊಡೆ ಬಿಗಿ ಮಾಡಿ ಮಂಡಿಯನ್ನು ಮೆಲ್ಲಗೆ ಕೆಳಗೆ ಒತ್ತಲಿ, ನೋವಾಗದಷ್ಟು ಮಾತ್ರ. ತೊಡೆ ಬಲು ಬೇಗ ಸೊರಗುತ್ತದೆ. ನನ್ನ ಎರಡೂ ತೊಡೆಗೆ ಟೇಪ್ ಹಿಡಿದಾಗ ಎಡಗಡೆ 3 ಸೆಂಟಿಮೀಟರ್ ಕಮ್ಮಿ ಇತ್ತು. ಮಂಡಿ ಲಾಕ್ ಆದರೆ, ಪಾದ ಜೋಮು ಹಿಡಿದರೆ ಅಥವಾ ತಣ್ಣಗಾದರೆ ಅವತ್ತೇ ಆಸ್ಪತ್ರೆಗೆ ಓಡಿ.

ಈ ವಾರವೇ ಕ್ರೀಡಾಪಟುಗಳ ಮಂಡಿ ನೋಡಿ ಅನುಭವ ಇರುವ ಮೂಳೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಬರೀ 'ಮಂಡಿ ನೋವು' ಅನ್ನಬೇಡಿ. 'ಟಕ್' ಅಂದಿದ್ದು, ರಾತ್ರಿಯೊಳಗೆ ಊದಿದ್ದು, ಮೆಟ್ಟಿಲಲ್ಲಿ ಜಾರುವುದು, ಇಷ್ಟನ್ನೂ ಇದೇ ಕ್ರಮದಲ್ಲಿ ಹೇಳಿ.